ಲಾಭ ಎಲ್ಲಿಂದ ಬರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿ ತರಗತಿಯ ಅರ್ಥಶಾಸ್ತ್ರದ ಪುಸ್ತಕದಲ್ಲಿ ಲಾಭದ ಅಧ್ಯಾಯ ಬಂತೆಂದರೆ ಐದು ಹೆಸರುಗಳು ಸಾಲಾಗಿ ನಿಲ್ಲುತ್ತವೆ: ವಾಕರ್, ಹಾಲೆ, ಕ್ಲಾರ್ಕ್, ನೈಟ್, ಶುಂಪೀಟರ್. ಒಬ್ಬೊಬ್ಬರಿಗೆ ಒಂದೊಂದು ಸಿದ್ಧಾಂತ, ಪ್ರತಿ ಸಿದ್ಧಾಂತದ ಕೆಳಗೆ ಒಂದಿಷ್ಟು ಟೀಕೆಗಳು. ಸ್ಮಿತ್, ರಿಕಾರ್ಡೊ, ಮಾರ್ಕ್ಸ್ ಬೇರೊಂದು ಪತ್ರಿಕೆಯ ಪಾಠವಾಗಿ ಉಳಿಯುತ್ತಾರೆ. ಕಲೆಟ್ಸ್ಕಿ, ಸ್ರಾಫಾ ಅವರ ಹೆಸರು ಕಿವಿಗೆ ಬೀಳುವುದೇ ಅಪರೂಪ. ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ, ಅಂಕವೂ ಬರುತ್ತದೆ. ಇವರೆಲ್ಲ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದರು ಎಂಬುದು ಮಾತ್ರ ತಿಳಿಯುವುದಿಲ್ಲ. ಆ ಕೊರತೆಯನ್ನು ಕಂಡು ಬೇಸರವಾಗಿ ಈ ಪುಟವನ್ನು ಬರೆದಿದ್ದೇನೆ.

ಲಾಭಕ್ಕೆ ಮಾತ್ರ ಇಷ್ಟೊಂದು ಸಿದ್ಧಾಂತಗಳು ಏಕೆ?

ಕೂಲಿ, ಗೇಣಿ, ಬಡ್ಡಿ ಈ ಮೂರಕ್ಕೂ ಮೊದಲೇ ಮಾತಾಗಿರುತ್ತದೆ. ಆಳಿಗೆ ದಿನಕ್ಕೆ ಇಷ್ಟು, ಜಮೀನಿಗೆ ವರ್ಷಕ್ಕೆ ಇಷ್ಟು, ಸಾಲಕ್ಕೆ ನೂರಕ್ಕೆ ಇಷ್ಟು ಎಂದು ಗೊತ್ತು ಮಾಡಿಕೊಂಡ ಮೇಲೆಯೇ ಕೆಲಸ ಶುರುವಾಗುತ್ತದೆ. ಲಾಭಕ್ಕೆ ಅಂಥ ಕರಾರಿಲ್ಲ. ಎಲ್ಲರಿಗೂ ಕೊಡಬೇಕಾದ್ದನ್ನು ಕೊಟ್ಟ ಮೇಲೆ ಉಳಿದರೆ ಲಾಭ, ಉಳಿಯದಿದ್ದರೆ ನಷ್ಟ. ಹಾಗೆ ಉಳಿದ ಹಣ ಯಾವುದರ ಪ್ರತಿಫಲ, ಯಾರಿಗೆ ಸಲ್ಲಬೇಕು ಎಂಬಲ್ಲಿಂದಲೇ ವಾದ ಹುಟ್ಟುತ್ತದೆ.

ಗೊಂದಲಕ್ಕೆ ಇನ್ನೂ ದೊಡ್ಡ ಕಾರಣವೊಂದಿದೆ. ಲಾಭದ ಬಗ್ಗೆ ಇರುವ ಪ್ರಶ್ನೆಗಳು ಎರಡು. ಒಂದೇ ಬೀದಿಯಲ್ಲಿ ಒಂದೇ ವ್ಯಾಪಾರ ಮಾಡುವ ಇಬ್ಬರಲ್ಲಿ ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ನಷ್ಟ ಏಕೆ ಎಂಬುದು ಮೊದಲನೆಯದು. ಇಡೀ ದೇಶವನ್ನು ಒಟ್ಟಾಗಿ ನೋಡಿದಾಗ, ಬಂಡವಾಳ ಹಾಕಿದವರ ಪಾಲಿಗೆ ವರ್ಷ ವರ್ಷವೂ ಏನಾದರೂ ಉಳಿಯುವುದೇ ಏಕೆ ಎಂಬುದು ಎರಡನೆಯದು. ನೈಟ್ ಮತ್ತು ಶುಂಪೀಟರ್ ಮುಖ್ಯವಾಗಿ ಮೊದಲನೆಯದಕ್ಕೆ ಉತ್ತರ ಕೊಟ್ಟರು. ರಿಕಾರ್ಡೊ, ಮಾರ್ಕ್ಸ್, ಕಲೆಟ್ಸ್ಕಿ ತಲೆ ಕೆಡಿಸಿಕೊಂಡದ್ದು ಎರಡನೆಯದರ ಬಗ್ಗೆ. ಇವರನ್ನು ಒಂದೇ ಪಟ್ಟಿಯಲ್ಲಿ ಸೇರಿಸಿ 'ಯಾರು ಸರಿ' ಎಂದು ಕೇಳುವುದರಿಂದ ಓದುವವರಿಗೆ ಅನ್ಯಾಯವಾಗುತ್ತದೆ.

ಅಂಗಡಿಯ ಲೆಕ್ಕಪುಸ್ತಕದ ಲಾಭವೇ ಅರ್ಥಶಾಸ್ತ್ರದ ಲಾಭ ಅಲ್ಲವೇ?

ಅಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ, ಸ್ವಂತ ಕಟ್ಟಡದಲ್ಲಿರುವ ಒಂದು ಸಣ್ಣ ಹೋಟೆಲನ್ನು ಊಹಿಸಿಕೊಳ್ಳಿ. ದಿನಸಿ, ಗ್ಯಾಸ್, ಕೆಲಸದವರ ಸಂಬಳ ಎಲ್ಲ ಕಳೆದು ತಿಂಗಳಿಗೆ 90,000 ರೂಪಾಯಿ ಉಳಿಯುತ್ತದೆ. ಆ ಕಟ್ಟಡವನ್ನು ಬೇರೆಯವರಿಗೆ ಕೊಟ್ಟಿದ್ದರೆ 35,000 ಬಾಡಿಗೆ ಬರುತ್ತಿತ್ತು. ಇಬ್ಬರೂ ಬೇರೆ ಕಡೆ ದುಡಿದಿದ್ದರೆ ಒಟ್ಟು 40,000 ಸಂಬಳ ಸಿಗುತ್ತಿತ್ತು. ಹೋಟೆಲಿಗೆ ಹಾಕಿದ 10 ಲಕ್ಷಕ್ಕೆ ಶೇ. 9ರಂತೆ ತಿಂಗಳಿಗೆ 7,500 ಬಡ್ಡಿಯಾಗುತ್ತಿತ್ತು. ಇವನ್ನೆಲ್ಲ ಕಳೆದರೆ ಉಳಿಯುವುದು 7,500. ಅರ್ಥಶಾಸ್ತ್ರದಲ್ಲಿ ಶುದ್ಧ ಲಾಭ ಎನ್ನುವುದು ಇಷ್ಟನ್ನು ಮಾತ್ರ.

ಈ ವಿಂಗಡಣೆ ಒಮ್ಮೆಲೇ ಆದದ್ದಲ್ಲ. ಸ್ಮಿತ್, ರಿಕಾರ್ಡೊ ಬಂಡವಾಳದ ಬಡ್ಡಿಯನ್ನೂ ಸೇರಿಸಿಯೇ ಲಾಭ ಎನ್ನುತ್ತಿದ್ದರು. 1848ರಲ್ಲಿ ಜಾನ್ ಸ್ಟುಅರ್ಟ್ ಮಿಲ್ ಅದನ್ನು ಮೂರು ಪಾಲು ಮಾಡಿದರು: ಕಾದದ್ದಕ್ಕೆ ಬಡ್ಡಿ, ಅಪಾಯಕ್ಕೆ ವಿಮೆ, ಮೇಲ್ವಿಚಾರಣೆಗೆ ಸಂಬಳ. ಹಳೆಯವರನ್ನು ಓದುವಾಗ ಇದು ನೆನಪಿನಲ್ಲಿರಬೇಕು.

ಪ್ರಾಚೀನರು ಲಾಭದ ಬಗ್ಗೆ ಏನು ಹೇಳಿದ್ದರು?

ಅರಿಸ್ಟಾಟಲ್‌ಗೆ ಮನೆತನ ನಡೆಸಲು ಬೇಕಾದಷ್ಟು ಗಳಿಸುವುದು ಸಹಜ, ಹಣಕ್ಕಾಗಿ ಹಣ ಗಳಿಸುವುದು ಅಸಹಜ. ಆದರೂ ಗ್ರೀಕ್ ತತ್ವಜ್ಞಾನಿ ಥೇಲಿಸ್‌ನ ಕಥೆಯನ್ನು ಹೇಳುವವನು ಅವನೇ. ಆಲಿವ್ ಬೆಳೆ ಚೆನ್ನಾಗಿ ಬರುತ್ತದೆಂದು ಮೊದಲೇ ಗ್ರಹಿಸಿದ ಥೇಲಿಸ್, ಚಳಿಗಾಲದಲ್ಲಿಯೇ ಮಿಲೆಟಸ್ ಮತ್ತು ಕಿಯೋಸ್‌ನ ಎಣ್ಣೆಗಾಣಗಳಿಗೆಲ್ಲ ಸಣ್ಣ ಮುಂಗಡ ಕೊಟ್ಟು ಹಿಡಿದಿಟ್ಟುಕೊಂಡ. ಸುಗ್ಗಿ ಬಂದಾಗ ತನಗೆ ಬೇಕಾದ ದರಕ್ಕೆ ಬಾಡಿಗೆಗೆ ಬಿಟ್ಟ. ಮುಂದಿನವರು ಹೇಳಿದ ಎರಡು ಕಾರಣಗಳು, ಮುಂಗಾಣ್ಕೆ ಮತ್ತು ಏಕಸ್ವಾಮ್ಯ, ಇಷ್ಟು ಚಿಕ್ಕ ಕಥೆಯಲ್ಲಿ ಒಟ್ಟಿಗೇ ಇವೆ.

'ಅರ್ಥಶಾಸ್ತ್ರ' ಗ್ರಂಥದ ಕೌಟಿಲ್ಯನದು ಆಡಳಿತಗಾರನ ದೃಷ್ಟಿ. ಸ್ವದೇಶಿ ಸರಕಿನ ಮೇಲೆ ಶೇ. 5, ಪರದೇಶದ ಸರಕಿನ ಮೇಲೆ ಶೇ. 10 ಲಾಭವನ್ನು ವರ್ತಕರಿಗೆ ಗೊತ್ತುಪಡಿಸುತ್ತಾನೆ. ಅದನ್ನು ಮೀರಿದರೆ ದಂಡ. ಬಡ್ಡಿಯ ದರಗಳು ಇನ್ನೂ ಕುತೂಹಲಕರ. ನೂರು ಪಣಕ್ಕೆ ತಿಂಗಳಿಗೆ ಸಾಮಾನ್ಯ ಸಾಲಕ್ಕೆ ಒಂದೂಕಾಲು, ವ್ಯಾಪಾರದ ಸಾಲಕ್ಕೆ 5, ಕಾಡು ದಾಟಿ ಹೋಗುವವರಿಗೆ 10, ಸಮುದ್ರ ವ್ಯಾಪಾರಿಗಳಿಗೆ 20. ಅಪಾಯ ಏರಿದಂತೆ ಪ್ರತಿಫಲವೂ ಏರಬೇಕೆಂಬ ತಿಳಿವಳಿಕೆಯನ್ನು ಇಷ್ಟು ನೇರವಾಗಿ ಅಂಕಿಯಲ್ಲಿಟ್ಟ ಹಳೆಯ ಬರಹಗಳು ಹೆಚ್ಚಿಲ್ಲ. ಬಹುಕಾಲ ಮರೆಯಾಗಿದ್ದ ಈ ಗ್ರಂಥದ ತಾಳೆಗರಿ ಪ್ರತಿಯನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿದವರು ಆರ್. ಶಾಮಾಶಾಸ್ತ್ರಿಗಳು. 1909ರಲ್ಲಿ ಸಂಸ್ಕೃತ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿ ಜಗತ್ತಿನ ಮುಂದಿಟ್ಟರು. ಲಾಭದ ಚರಿತ್ರೆಗೆ ಕನ್ನಡನಾಡಿನಿಂದ ಸಂದ ದೊಡ್ಡ ಕಾಣಿಕೆ ಅದು.

ಕಡಿಮೆಗೆ ಕೊಂಡು ಹೆಚ್ಚಿಗೆ ಮಾರುವುದೇ ಲಾಭ ಅಲ್ಲವೇ? ಇದರಲ್ಲಿ ಸಿದ್ಧಾಂತ ಏನಿದೆ?

ವ್ಯಾಪಾರವೇ ದೇಶದ ಸಂಪತ್ತಿನ ಮೂಲ ಎನ್ನುತ್ತಿದ್ದ ಹಳೆಯ ಯುರೋಪಿನ ವಾಣಿಜ್ಯವಾದಿಗಳು ಹಾಗೆಯೇ ನಂಬಿದ್ದರು. 1767ರಲ್ಲಿ ಜೇಮ್ಸ್ ಸ್ಟುಅರ್ಟ್ ಇದಕ್ಕೊಂದು ಸೂಕ್ಷ್ಮ ಸೇರಿಸಿದರು. ಮಾರಾಟದಲ್ಲಿ ಬರುವ ಲಾಭ ಇನ್ನೊಬ್ಬನ ನಷ್ಟ, ಸಂಪತ್ತು ಒಂದು ಕೈಯಿಂದ ಇನ್ನೊಂದಕ್ಕೆ ಹೋಗುತ್ತದೆ ಅಷ್ಟೆ. ದುಡಿಮೆಯೋ ಕೌಶಲವೋ ಹೆಚ್ಚಿ ಒಟ್ಟು ಒಳಿತು ಬೆಳೆದರೆ ಮಾತ್ರ ಯಾರೂ ಕಳೆದುಕೊಳ್ಳದ ಲಾಭ. ನಾನು ಮೇಲೆ ಹೇಳಿದ ಎರಡು ಪ್ರಶ್ನೆಗಳು ಬೇರೆಯಾದದ್ದು ಇಲ್ಲಿ. ಎಲ್ಲರೂ ತಮ್ಮ ಸರಕಿಗೆ ಶೇ. 10 ಹೆಚ್ಚು ಬೆಲೆ ಹಾಕಿದರೆ ಕೊಳ್ಳುವಾಗಲೂ ಎಲ್ಲರೂ ಶೇ. 10 ಹೆಚ್ಚು ತೆರುತ್ತಾರೆ. ಕೊನೆಗೆ ಯಾರ ಕೈಗೂ ಏನೂ ಹತ್ತುವುದಿಲ್ಲ. ಹಾಗಾದರೆ ಇಡೀ ಸಮಾಜಕ್ಕೆ ಏನಾದರೂ ಉಳಿಯುವುದು ತಯಾರಿಕೆಯಲ್ಲೇ ಇರಬೇಕು.

ಫ್ರಾನ್ಸಿನ ಕೆನೆ ಮತ್ತು ಸಂಗಡಿಗರು ಅದನ್ನು ನೆಲದಲ್ಲಿ ಕಂಡರು. ಬಿತ್ತಿದ್ದಕ್ಕಿಂತ, ಉಂಡದ್ದಕ್ಕಿಂತ ಹೆಚ್ಚು ಕೊಡುವುದು ಬೇಸಾಯ ಒಂದೇ ಎಂದರು. ಹೀಗಾಗಿ ಅವರ ಲೆಕ್ಕದಲ್ಲಿ ಗೇಣಿಗೆ ಜಾಗವಿತ್ತು, ಕೈಗಾರಿಕೆಯ ಲಾಭಕ್ಕೆ ಇರಲಿಲ್ಲ. 1766ರಲ್ಲಿ ಟರ್ಗೋ ಆ ಜಾಗವನ್ನು ಬಂಡವಾಳಕ್ಕೂ ಬಿಟ್ಟುಕೊಟ್ಟರು: ಹಣದಲ್ಲಿ ಜಮೀನು ಕೊಂಡು ಗೇಣಿ ತಿನ್ನಬಹುದಾದವನು ಕಾರ್ಖಾನೆಗೆ ಹಣ ಹಾಕಬೇಕಾದರೆ ಅಲ್ಲಿಯೂ ಪ್ರತಿಫಲ ಇರಲೇಬೇಕು.

ಲಾಭವೆಂದರೆ ಮಾಲೀಕನ ಮೇಲ್ವಿಚಾರಣೆಯ ಸಂಬಳ ತಾನೇ?

1776ರಲ್ಲಿಯೇ ಆಡಂ ಸ್ಮಿತ್ ಇದಕ್ಕೆ ಇಲ್ಲ ಎಂದು ಉತ್ತರಿಸಿದ್ದಾರೆ, ಅದೂ ಅಂಕಿಯ ಸಮೇತ. ಎರಡು ಕಾರ್ಖಾನೆಗಳು, ಎರಡರಲ್ಲಿಯೂ ವರ್ಷಕ್ಕೆ 15 ಪೌಂಡ್ ಸಂಬಳದ 20 ಕೆಲಸಗಾರರು, ಅಂದರೆ ಕೂಲಿಯ ವೆಚ್ಚ 300 ಪೌಂಡ್. ಒಂದರಲ್ಲಿ ಬಳಸುವ ಒರಟು ಕಚ್ಚಾ ಸರಕಿನ ಬೆಲೆ 700 ಪೌಂಡ್, ಇನ್ನೊಂದರ ನಯವಾದ ಸರಕಿನ ಬೆಲೆ 7,000. ಬಂಡವಾಳ ಕ್ರಮವಾಗಿ 1,000 ಮತ್ತು 7,300. ಆ ಸೀಮೆಯ ರೂಢಿಯ ಲಾಭ ಶೇ. 10 ಆದರೆ ಮೊದಲನೆಯವನಿಗೆ 100 ಪೌಂಡ್, ಎರಡನೆಯವನಿಗೆ 730. ಇಬ್ಬರೂ ನೋಡಿಕೊಳ್ಳಬೇಕಾದ ಆಳುಗಳ ಸಂಖ್ಯೆ ಒಂದೇ, ಮೇಲ್ವಿಚಾರಣೆಯ ಶ್ರಮವೂ ಹೆಚ್ಚುಕಡಿಮೆ ಒಂದೇ. ಸಾಲದ್ದಕ್ಕೆ ದೊಡ್ಡ ಕಾರ್ಖಾನೆಗಳಲ್ಲಿ ಆ ಕೆಲಸವನ್ನು ಸಂಬಳದ ಗುಮಾಸ್ತನೇ ಮಾಡುತ್ತಾನೆ. ಲಾಭ ಮಾತ್ರ ಬಂಡವಾಳದ ಗಾತ್ರವನ್ನೇ ಹಿಂಬಾಲಿಸುತ್ತದೆ.

ಇಡೀ ಚರಿತ್ರೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ವಾದಗಳಲ್ಲಿ ಇದೂ ಒಂದು. 'ಮಾಲೀಕರು ಕಷ್ಟಪಟ್ಟು ದುಡಿಯುತ್ತಾರೆ, ಅದಕ್ಕೇ ಲಾಭ' ಎಂದು ಇವತ್ತಿಗೂ ಹೇಳುವವರಿಗೆ ಈ ಲೆಕ್ಕವನ್ನು ತೋರಿಸಬೇಕು. ಆದರೆ ಲಾಭ ಏನಲ್ಲ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಸ್ಮಿತ್, ಅದು ಏನು ಎಂಬಲ್ಲಿ ತಡವರಿಸುತ್ತಾರೆ. ಒಂದು ಕಡೆ ಕೆಲಸಗಾರ ಸೇರಿಸಿದ ಮೌಲ್ಯದಿಂದ ಮುರಿದುಕೊಂಡ ಪಾಲು ಎನ್ನುತ್ತಾರೆ, ಇನ್ನೊಂದು ಕಡೆ ಕೂಲಿ, ಗೇಣಿಗಳ ಜೊತೆಗೆ ಬೆಲೆಗೆ ಸೇರುವ ಘಟಕ ಎನ್ನುತ್ತಾರೆ. ಈ ಎರಡು ಮಾತುಗಳಿಂದ ಮುಂದೆ ಎರಡು ಪರಂಪರೆಗಳೇ ಬೆಳೆದವು.

ರಿಕಾರ್ಡೊ ಲಾಭಕ್ಕೂ ಗೋಧಿಯ ಬೆಲೆಗೂ ಏಕೆ ಗಂಟು ಹಾಕಿದರು?

1815ರ ಬ್ರಿಟನ್ನಿನಲ್ಲಿ ಅದು ಊಟದ ಪ್ರಶ್ನೆಯೂ ಆಗಿತ್ತು, ರಾಜಕೀಯದ ಪ್ರಶ್ನೆಯೂ ಆಗಿತ್ತು. ದೇಶದೊಳಗಿನ ಗೋಧಿಯ ಬೆಲೆ ಕ್ವಾರ್ಟರಿಗೆ (ಧಾನ್ಯದ ಒಂದು ಅಳತೆ) 80 ಶಿಲಿಂಗ್ ಮುಟ್ಟುವವರೆಗೆ ಹೊರಗಿನ ಗೋಧಿಯನ್ನು ಮಾರುಕಟ್ಟೆಗೆ ಬಿಡಬಾರದೆಂದು ಆ ವರ್ಷ ಕಾನೂನಾಯಿತು. ಅದೇ ವರ್ಷ ರಿಕಾರ್ಡೊ ಒಂದು ಕಿರುಹೊತ್ತಗೆ ಬರೆದು ಅದನ್ನು ವಿರೋಧಿಸಿದರು.

ಅವರ ಲೆಕ್ಕ ಹೀಗಿದೆ. ಒಳ್ಳೆಯ ನೆಲದಲ್ಲಿ 200 ಕ್ವಾರ್ಟರ್ ಗೋಧಿಯಷ್ಟು ಬಂಡವಾಳ ಹಾಕಿದರೆ 300 ಬೆಳೆಯುತ್ತದೆ; ಲಾಭ ಶೇ. 50. ಜನ ಹೆಚ್ಚಿ ಎರಡನೆಯ ದರ್ಜೆಯ ನೆಲಕ್ಕೂ ನೇಗಿಲು ಹೂಡಬೇಕಾದಾಗ ಅದೇ 300ಕ್ಕೆ 210 ಹಾಕಬೇಕು. ಲಾಭ 90, ಅಂದರೆ ಸುಮಾರು ಶೇ. 43. ಈಗ ಒಳ್ಳೆಯ ನೆಲದ ಒಕ್ಕಲಿಗೂ ಶೇ. 43ಕ್ಕಿಂತ ಹೆಚ್ಚು ದಕ್ಕುವುದಿಲ್ಲ, ಏಕೆಂದರೆ ಮಿಕ್ಕ 14 ಕ್ವಾರ್ಟರನ್ನು ಜಮೀನುದಾರ ಗೇಣಿಯಾಗಿ ಎಳೆದುಕೊಳ್ಳುತ್ತಾನೆ. ಹೀಗೆ ಕೆಳದರ್ಜೆಯ ನೆಲಕ್ಕೆ ಇಳಿದಂತೆಲ್ಲ ಗೇಣಿ ಏರುತ್ತದೆ, ಲಾಭ ಕುಗ್ಗುತ್ತದೆ. ಊಟದ ಬೆಲೆ ಏರಿದರೆ ಕೂಲಿಯೂ ಏರಲೇಬೇಕು, ಆ ಏರಿಕೆ ಕಾರ್ಖಾನೆಯ ಲಾಭವನ್ನೂ ತಿನ್ನುತ್ತದೆ. ಲಾಭ ಬತ್ತಿದಾಗ ಹೊಸ ಬಂಡವಾಳ ಕೂಡುವುದೂ ನಿಲ್ಲುತ್ತದೆ.

ಷೇರುಪೇಟೆಯಲ್ಲಿ ಸಂಪಾದಿಸಿದ ಹಣದಿಂದ ದೊಡ್ಡ ಎಸ್ಟೇಟು ಕೊಂಡು ಸ್ವತಃ ಜಮೀನುದಾರರಾಗಿದ್ದ ರಿಕಾರ್ಡೊ, ಜಮೀನುದಾರರ ಹಿತ ಸಮಾಜದ ಉಳಿದ ವರ್ಗಗಳ ಹಿತಕ್ಕೆ ವಿರುದ್ಧ ಎಂದು ಬರೆದರು. ಕಾನೂನು ರದ್ದಾದದ್ದು 1846ರಲ್ಲಿ, ಅವರು ತೀರಿಕೊಂಡು 23 ವರ್ಷಗಳ ಮೇಲೆ. ಹೊರದೇಶದ ಧಾನ್ಯ ಮತ್ತು ಬೇಸಾಯದ ಸುಧಾರಣೆಗಳು ಬಂದು ಅವರು ಹೆದರಿದ ಸ್ಥಗಿತ ಬ್ರಿಟನ್ನಿಗೆ ಬರಲಿಲ್ಲ. ಆದರೂ ಕೂಲಿ ಮತ್ತು ಲಾಭ ಒಂದೇ ಮೊತ್ತದ ಎರಡು ಪಾಲುಗಳು ಎಂದು ಅವರು ಕಲಿಸಿದ ಪಾಠ ಹಳೆಯದಾಗಿಲ್ಲ.

ಮಾರ್ಕ್ಸ್ ಪ್ರಕಾರ ಲಾಭವೆಂದರೆ ಮೋಸವೇ?

ಬಹಳ ಜನ ಹಾಗೆಂದುಕೊಂಡಿದ್ದಾರೆ, ಆದರೆ ಅವರ ವಾದ ಇದಕ್ಕೆ ತದ್ವಿರುದ್ಧ. ಎಲ್ಲ ಸರಕೂ ಸರಿಯಾದ ಬೆಲೆಗೇ ಮಾರಾಟವಾಗಲಿ, ಯಾರೂ ಯಾರಿಗೂ ಟೋಪಿ ಹಾಕದಿರಲಿ, ಆಗಲೂ ಲಾಭ ಹೇಗೆ ಹುಟ್ಟುತ್ತದೆಂದು ತೋರಿಸುವುದೇ 1867ರಲ್ಲಿ 'ಬಂಡವಾಳ' (ಕ್ಯಾಪಿಟಲ್) ಗ್ರಂಥದ ಮೊದಲ ಸಂಪುಟದಲ್ಲಿ ಅವರು ಕೈಗೆತ್ತಿಕೊಂಡ ಸವಾಲು.

ನೂಲಿನ ಉದಾಹರಣೆ ಕೊಡುತ್ತಾರೆ. ಕೆಲಸಗಾರನ ದಿನದ ಕೂಲಿ 3 ಶಿಲಿಂಗ್. ಅಷ್ಟು ಮೌಲ್ಯವನ್ನು ಅವನ 6 ಗಂಟೆಯ ದುಡಿಮೆಯೇ ಹುಟ್ಟಿಸುತ್ತದೆ. ಆ 6 ಗಂಟೆಯಲ್ಲಿ 10 ಪೌಂಡ್ ತೂಕದ ಹತ್ತಿ ನೂಲಾಗುತ್ತದೆ. ಹತ್ತಿಗೆ 10 ಶಿಲಿಂಗ್, ಕದಿರಿನ ಸವಕಳಿ 2, ಕೂಲಿ 3, ಒಟ್ಟು 15. ನೂಲಿನ ಬೆಲೆಯೂ 15. ಮಾಲೀಕನಿಗೆ ಏನೂ ಉಳಿಯಲಿಲ್ಲ. ಆದರೆ ಅವನು ಕೊಂಡದ್ದು ಇಡೀ ದಿನದ ದುಡಿಮೆಯ ಶಕ್ತಿಯನ್ನು. 12 ಗಂಟೆ ದುಡಿಸಿದರೆ ಹತ್ತಿಗೆ 20, ಸವಕಳಿಗೆ 4, ಕೂಲಿಗೆ ಅದೇ 3. ಖರ್ಚು 27, ನೂಲಿನ ಬೆಲೆ 30. ಉಳಿದ 3 ಶಿಲಿಂಗೇ ಹೆಚ್ಚುವರಿ ಮೌಲ್ಯ. ಲಾಭ, ಬಡ್ಡಿ, ಗೇಣಿ ಮೂರೂ ಈ ಒಂದೇ ಬುಟ್ಟಿಯಿಂದ ಹಂಚಿಕೆಯಾಗುತ್ತವೆ ಎನ್ನುತ್ತಾರೆ ಮಾರ್ಕ್ಸ್.

ತೊಡಕು ಎರಡು ಕಡೆ ಇದೆ. ಹೆಚ್ಚುವರಿ ಹುಟ್ಟುವುದು ದುಡಿಮೆಯಿಂದ ಮಾತ್ರ ಎಂದಾದರೆ ಯಂತ್ರ ಕಡಿಮೆ, ಆಳು ಹೆಚ್ಚು ಇರುವ ಉದ್ದಿಮೆಗೆ ಲಾಭದ ದರವೂ ಹೆಚ್ಚಿರಬೇಕು; ಪೈಪೋಟಿಯಲ್ಲಿ ದರಗಳು ಸಮನಾಗುವ ಕಡೆಗೆ ಸಾಗುತ್ತವೆ. ಇದಕ್ಕೆ ಮಾರ್ಕ್ಸ್ ಕೊಟ್ಟ ಪರಿಹಾರ, ಅವರ ಗೆಳೆಯ ಎಂಗೆಲ್ಸ್ 1894ರಲ್ಲಿ ಹೊರತಂದ ಮೂರನೆಯ ಸಂಪುಟದಲ್ಲಿದೆ. 1896ರಲ್ಲಿ ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಬೋಮ್ ಬಾವೆರ್ಕ್ ಅದು ಮೊದಲ ಸಂಪುಟಕ್ಕೆ ಹೊಂದುವುದಿಲ್ಲವೆಂದು ವಾದಿಸಿದರು, ಚರ್ಚೆ ಇನ್ನೂ ಮುಗಿದಿಲ್ಲ. ಎರಡನೆಯದು, ಯಂತ್ರ ಹೆಚ್ಚಿದಂತೆ ಲಾಭದ ದರ ಇಳಿಯುವ ಪ್ರವೃತ್ತಿ ಇದೆ ಎಂಬ ಮಾತು. ನೈಜ ಕೂಲಿ ಬದಲಾಗದಿದ್ದರೆ, ವೆಚ್ಚ ತಗ್ಗಿಸುವ ಯಂತ್ರ ದರವನ್ನು ಇಳಿಸಲಾರದೆಂದು 1961ರಲ್ಲಿ ಜಪಾನಿನ ಒಕಿಶಿಯೊ ಗಣಿತದಿಂದ ತೋರಿಸಿದರು. ಆದರೂ ದುಡಿಮೆಯ ದಿನದ ಉದ್ದ ಯಾರ ಹಿಡಿತದಲ್ಲಿದೆ ಎಂಬುದು ಲಾಭದ ಪ್ರಶ್ನೆ ಎಂದು ಕಾಣಿಸಿದ್ದು ಮಾರ್ಕ್ಸ್‌ನ ದೊಡ್ಡ ಕೊಡುಗೆ. ಅದನ್ನು ಈ ತೊಡಕುಗಳು ಅಳಿಸುವುದಿಲ್ಲ.

ಉಳಿಸಿ ಕಾದವನಿಗೆ ಸಿಗುವ ಪ್ರತಿಫಲವೇ ಲಾಭ ಎನ್ನಬಾರದೇಕೆ?

1836ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ನಾಸಾ ಸೀನಿಯರ್ ಹಾಗೆಂದರು: ಬಂಡವಾಳಗಾರ ಈಗಿನ ಸುಖವನ್ನು ಬಿಟ್ಟುಕೊಡುತ್ತಾನೆ, ಲಾಭ ಆ ಸಂಯಮದ ಬೆಲೆ. ಮರುವರ್ಷ ಅವರೇ, ಹತ್ತಿ ಗಿರಣಿಗಳ ಹನ್ನೊಂದೂವರೆ ಗಂಟೆಯ ದಿನದಲ್ಲಿ ನಿವ್ವಳ ಲಾಭವೆಲ್ಲ ಬರುವುದು ಕೊನೆಯ ಒಂದು ಗಂಟೆಯಲ್ಲಿ, ದಿನವನ್ನು ಮೊಟಕು ಮಾಡಿದರೆ ಉದ್ದಿಮೆ ಮುಳುಗುತ್ತದೆ ಎಂದು ವಾದಿಸಿದರು. 1847ರಲ್ಲಿ ಮಹಿಳೆಯರಿಗೂ ಎಳೆಯರಿಗೂ ಹತ್ತು ಗಂಟೆಯ ಕಾನೂನು ಬಂತು, ಗಿರಣಿಗಳು ಮುಳುಗಲಿಲ್ಲ.

ಬೋಮ್ ಬಾವೆರ್ಕ್ ಈ ವಿಚಾರವನ್ನು ಗಟ್ಟಿ ಮಾಡಿದರು. ಇಂದಿನ ವಸ್ತುವಿಗೆ ನಾಳಿನ ವಸ್ತುವಿಗಿಂತ ಬೆಲೆ ಹೆಚ್ಚು, ಕೆಲಸಗಾರನಿಗೆ ಕೂಲಿ ಇಂದೇ ಸಿಗುತ್ತದೆ, ಸರಕು ಮಾರಾಟವಾಗುವುದು ನಾಳೆ. ನಡುವಿನ ಅಂತರವೇ ಬಂಡವಾಳದ ಗಳಿಕೆ. ಇದು ಬಡ್ಡಿಯ ಒಳ್ಳೆಯ ವಿವರಣೆ. ಶುದ್ಧ ಲಾಭ ಇದರೊಳಗೆ ಹಿಡಿಸುವುದಿಲ್ಲ.

ಪೂರ್ಣ ಪೈಪೋಟಿಯಲ್ಲಿ ಲಾಭ ಶೂನ್ಯ ಎನ್ನುತ್ತಾರಲ್ಲ, ಹಾಗಾದರೆ ಯಾರಾದರೂ ವ್ಯಾಪಾರ ಏಕೆ ಮಾಡುತ್ತಾರೆ?

ಪೂರ್ಣ ಪೈಪೋಟಿಯೆಂದರೆ ಯಾರೊಬ್ಬರೂ ತಮಗೆ ಬೇಕಾದಂತೆ ಬೆಲೆ ಗೊತ್ತುಮಾಡಲಾಗದಷ್ಟು ಮಂದಿ ಮಾರುವವರೂ ಕೊಳ್ಳುವವರೂ ಇರುವ ಮಾರುಕಟ್ಟೆ. ಇಲ್ಲಿ ಶೂನ್ಯ ಎಂದದ್ದು ಹೋಟೆಲಿನ ಲೆಕ್ಕದ ಆ 7,500 ರೂಪಾಯಿಯನ್ನು. ಬಾಡಿಗೆ, ಸಂಬಳ, ಬಡ್ಡಿಗಳು ಸಿಗುತ್ತಲೇ ಇರುತ್ತವೆ. ಬೇಡಿಕೆ ಪೂರೈಕೆಗಳು ಸಮನಾದ ಸಮತೋಲನದಲ್ಲಿ ಉದ್ಯಮಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂದವರು ಫ್ರೆಂಚ್ ಅರ್ಥಶಾಸ್ತ್ರಜ್ಞ ವಾಲ್ರಾ. 1899ರಲ್ಲಿ ಕ್ಲಾರ್ಕ್, ಜನಸಂಖ್ಯೆ, ಬಂಡವಾಳ, ತಂತ್ರ, ಸಂಘಟನೆ, ಬೇಡಿಕೆ ಬದಲಾದಾಗ ಮಾತ್ರ ಲಾಭ ಕಾಣಿಸಿಕೊಳ್ಳುತ್ತದೆ ಎಂದರು. ವಾಕರ್ ಅವರ ಗೇಣಿ ಸಿದ್ಧಾಂತ ಇದಕ್ಕಿಂತ ಸರಳ: ಫಲವತ್ತಾದ ನೆಲಕ್ಕೆ ಗೇಣಿ ಇರುವಂತೆ ಹೆಚ್ಚು ಸಮರ್ಥನಾದ ಉದ್ಯಮಿಗೆ ಲಾಭ.

ಹಾಲೆಯ ನಷ್ಟಭಯಕ್ಕೂ ನೈಟ್‌ನ ಅನಿಶ್ಚಿತತೆಗೂ ವ್ಯತ್ಯಾಸವೇನು?

ಹಾಲೆಯ ಪ್ರಕಾರ ಲಾಭ ಅಪಾಯ ಹೊತ್ತದ್ದಕ್ಕೆ ಸಿಗುವ ಪ್ರತಿಫಲ. 1921ರಲ್ಲಿ ಫ್ರಾಂಕ್ ನೈಟ್ ಕೇಳಿದ್ದು, ಯಾವ ಅಪಾಯ ಎಂದು. ಶಾಂಪೇನ್ ತಯಾರಿಕೆಯಲ್ಲಿ ಒಂದಷ್ಟು ಬಾಟಲಿಗಳು ಒಡೆದೇ ಒಡೆಯುತ್ತವೆ. ಯಾವ ಬಾಟಲಿ ಎಂದು ಗೊತ್ತಿಲ್ಲ, ನೂರಕ್ಕೆ ಎಷ್ಟು ಎಂದು ಅನುಭವದಿಂದ ಗೊತ್ತಿದೆ. ಹಾಗಾಗಿ ಆ ನಷ್ಟವನ್ನು ಖರ್ಚಿನಲ್ಲಿಯೇ ಸೇರಿಸಬಹುದು, ಅಥವಾ ವಿಮೆ ಮಾಡಿಸಬಹುದು. ಅದರಿಂದ ಲಾಭ ಹುಟ್ಟುವುದಿಲ್ಲ. ಹೊಸ ಸರಕನ್ನು ಜನ ಕೊಳ್ಳುತ್ತಾರೋ ಇಲ್ಲವೋ ಎಂಬುದಕ್ಕೆ ಅಂಥ ಸರಾಸರಿ ಸಿಗುವುದಿಲ್ಲ. ಪ್ರತಿ ಸಂದರ್ಭವೂ ಬೇರೆ, ವಿವೇಚನೆಯೊಂದೇ ಆಧಾರ. ಲಾಭ ಹುಟ್ಟುವುದು ಈ ಎರಡನೆಯ ಕಡೆ.

ಇದರ ಬೇರು 18ನೆಯ ಶತಮಾನದ ಅರ್ಥಚಿಂತಕ ಕ್ಯಾಂಟಿಲಾನ್‌ನಲ್ಲಿದೆ. ಅವರು ತೀರಿಕೊಂಡ ಎಷ್ಟೋ ವರ್ಷಗಳ ನಂತರ, 1755ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಗೊತ್ತಾದ ಬೆಲೆಗೆ ಕೊಂಡು ಗೊತ್ತಿಲ್ಲದ ಬೆಲೆಗೆ ಮಾರುವವನೇ ಉದ್ಯಮಿ ಎಂಬ ವಿಚಾರವಿದೆ.

ಶುಂಪೀಟರ್ ಮತ್ತು ನೈಟ್ ಒಂದೇ ಮಾತನ್ನು ಹೇಳುತ್ತಾರೆಯೇ?

ಇಲ್ಲ, ಪರೀಕ್ಷೆಯ ಉತ್ತರಗಳಲ್ಲಿ ಇಬ್ಬರನ್ನೂ ಬೆರೆಸುವುದು ಸಾಮಾನ್ಯ ತಪ್ಪು. 1911ರಲ್ಲಿ ಶುಂಪೀಟರ್ ಹೇಳಿದ್ದು ನಾವೀನ್ಯದ ಬಗ್ಗೆ: ಕೈಮಗ್ಗಗಳ ನಡುವೆ ಮೊದಲು ಯಂತ್ರದ ಮಗ್ಗ ತಂದವನಿಗೆ ಹಳೆಯ ಬೆಲೆಗೂ ಹೊಸ ವೆಚ್ಚಕ್ಕೂ ನಡುವಿನ ಅಂತರ ಸಿಗುತ್ತದೆ. ಇತರರು ಅವನನ್ನು ಅನುಸರಿಸಿದಂತೆ ಬೆಲೆ ಇಳಿದು ಲಾಭ ಕರಗುತ್ತದೆ. ಅಪಾಯ ಹೊರುವವನು ಉದ್ಯಮಿಯಲ್ಲ, ಅವನಿಗೆ ಸಾಲ ಕೊಟ್ಟ ಬ್ಯಾಂಕು ಅಥವಾ ಬಂಡವಾಳಗಾರ ಎಂದು ಅವರು ಖಚಿತವಾಗಿ ಹೇಳುತ್ತಾರೆ. ನೈಟ್ ಇದನ್ನು ಒಪ್ಪುವುದಿಲ್ಲ. ನಾವೀನ್ಯದ ಲಾಭ ಎಷ್ಟು ಬೇಗ ಕರಗುತ್ತದೆಂಬುದಕ್ಕೆ ವಿಲಿಯಂ ನಾರ್ಡ್‌ಹೌಸ್ 2004ರಲ್ಲಿ ಅಮೆರಿಕದ ಬಗ್ಗೆ ಒಂದು ಅಂದಾಜು ಕೊಟ್ಟರು: ಹೊಸ ತಂತ್ರಗಳಿಂದ ಸಮಾಜಕ್ಕಾದ ಒಟ್ಟು ಪ್ರಯೋಜನದಲ್ಲಿ ಅವನ್ನು ತಂದವರ ಪಾಲಿಗೆ ಉಳಿದದ್ದು ಶೇ. 2.2ರಷ್ಟು.

ಕಲೆಟ್ಸ್ಕಿ ಯಾರು? ಅವರನ್ನು ಏಕೆ ಓದಬೇಕು?

ಪೋಲೆಂಡಿನ ಮಿಹಾವ್ ಕಲೆಟ್ಸ್ಕಿ 1930ರ ದಶಕದಲ್ಲಿ, ರಿಕಾರ್ಡೊ ಮತ್ತು ಮಾರ್ಕ್ಸ್ ಕೇಳಿದ ಎರಡನೆಯ ಪ್ರಶ್ನೆಗೆ ಮರಳಿದರು. ಸರ್ಕಾರ ಮತ್ತು ವಿದೇಶ ವ್ಯಾಪಾರವನ್ನು ಸದ್ಯಕ್ಕೆ ಬದಿಗಿಡಿ. ದೇಶದ ಆದಾಯವೆಂದರೆ ಕೂಲಿ ಮತ್ತು ಲಾಭ. ಖರ್ಚೆಂದರೆ ಕೆಲಸಗಾರರ ಬಳಕೆ, ಬಂಡವಾಳಗಾರರ ಬಳಕೆ ಮತ್ತು ಹೂಡಿಕೆ. ಕೆಲಸಗಾರರು ಕೂಲಿಯನ್ನೆಲ್ಲ ಖರ್ಚು ಮಾಡುತ್ತಾರೆಂದರೆ, ಒಟ್ಟು ಲಾಭ ಬಂಡವಾಳಗಾರರ ಬಳಕೆ ಮತ್ತು ಹೂಡಿಕೆಗೆ ಸಮ. ಇದರಲ್ಲಿ ಯಾವುದು ಕಾರಣ, ಯಾವುದು ಪರಿಣಾಮ? ಬಂಡವಾಳಗಾರರು ಹೆಚ್ಚು ಖರ್ಚು ಮಾಡಲು ತೀರ್ಮಾನಿಸಬಲ್ಲರು, ಹೆಚ್ಚು ಗಳಿಸಲು ತೀರ್ಮಾನಿಸಲಾರರು. ಆದ್ದರಿಂದ ಖರ್ಚೇ ಲಾಭವನ್ನು ಗೊತ್ತುಮಾಡುತ್ತದೆ. 1930ರಲ್ಲಿ ಕೇನ್ಸ್ ಕೂಡ, ಎಷ್ಟು ಸುರಿದರೂ ಎಣ್ಣೆ ಬತ್ತದ ಬೈಬಲ್‌ನ ವಿಧವೆಯ ಕುಡಿಕೆಯನ್ನು ನೆನೆದು ಇದೇ ಬಗೆಯ ಮಾತು ಹೇಳಿದ್ದರು.

ಒಬ್ಬ ಮಾಲೀಕ ಕೂಲಿ ಕಡಿದು ಲಾಭ ಹೆಚ್ಚಿಸಿಕೊಳ್ಳಬಹುದು. ಎಲ್ಲ ಮಾಲೀಕರೂ ಒಟ್ಟಿಗೆ ಕಡಿದರೆ ಕೊಳ್ಳುವವರೇ ಕಡಿಮೆಯಾಗುತ್ತಾರೆ, ಒಟ್ಟು ಲಾಭ ಏರುವುದಿಲ್ಲ. ಬೀದಿಯ ಲೆಕ್ಕವನ್ನು ದೇಶಕ್ಕೆ ಹಾಕಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತಿಳಿದಿಲ್ಲ. ಇದು ಪಠ್ಯದಲ್ಲಿ ಇರಲೇಬೇಕು.

ಸ್ರಾಫಾ ಏನನ್ನು ಸೇರಿಸಿದರು?

ರಿಕಾರ್ಡೊ ಬರಹಗಳನ್ನು ವರ್ಷಗಟ್ಟಲೆ ಸಂಪಾದಿಸಿದ ಪಿಯೆರೊ ಸ್ರಾಫಾ 1960ರಲ್ಲಿ ನೂರು ಪುಟ ಚಿಲ್ಲರೆಯ ಪುಸ್ತಕವೊಂದನ್ನು ತಂದರು. ತಾನೇ ಕಟ್ಟಿದ ಒಂದು ಪ್ರಮಾಣ ಸರಕಿನಲ್ಲಿ (ಅಳತೆಗೋಲಾಗಿ ಬಳಸಲು ಹಲವು ಸರಕುಗಳನ್ನು ಸೇರಿಸಿ ಮಾಡಿದ ಕಲ್ಪಿತ ಸರಕು) ಅಳೆದರೆ ಕೂಲಿಗೂ ಲಾಭಕ್ಕೂ ನೇರವಾದ ಸಂಬಂಧವಿದೆ ಎಂದು ಅದರಲ್ಲಿ ತೋರಿಸಿದರು. ಗರಿಷ್ಠ ಲಾಭದ ದರ, ಅಂದರೆ ಕೂಲಿ ಶೂನ್ಯವಾದಾಗಿನ ದರ, ಶೇ. 25 ಎಂದಿಟ್ಟುಕೊಳ್ಳಿ, ಕೂಲಿಯ ಪಾಲು ಶೇ. 60 ಆದರೆ ಲಾಭದ ದರ ಶೇ. 10. ಪಾಲು ಎಷ್ಟೆಂಬುದನ್ನು ತಂತ್ರಜ್ಞಾನ ಒಂದೇ ತೀರ್ಮಾನಿಸುವುದಿಲ್ಲ. ಬಂಡವಾಳದ ಮೊತ್ತವನ್ನು ಅಳೆಯುವುದಕ್ಕೇ ಲಾಭದ ದರ ಮೊದಲು ಗೊತ್ತಿರಬೇಕಾದ್ದರಿಂದ, ಬಂಡವಾಳದ ಉತ್ಪಾದಕತೆಯೇ ಲಾಭವನ್ನು ಗೊತ್ತುಮಾಡುತ್ತದೆಂಬ ವಾದ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ. ಜೋನ್ ರಾಬಿನ್ಸನ್ ಎತ್ತಿದ್ದ ಈ ವಿವಾದದಲ್ಲಿ ಎದುರು ಪಕ್ಷದ ಪಾಲ್ ಸ್ಯಾಮ್ಯುಯೆಲ್ಸನ್ 1966ರಲ್ಲಿ ಮುಖ್ಯ ಅಂಶವನ್ನು ಒಪ್ಪಿಕೊಂಡರು. ಪಠ್ಯಪುಸ್ತಕಗಳು ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿದವು.

ಈ ಸಿದ್ಧಾಂತಗಳು ನಷ್ಟವನ್ನೂ ವಿವರಿಸುತ್ತವೆಯೇ?

ಒಳ್ಳೆಯ ಪ್ರಶ್ನೆ, ಕೇಳುವವರು ಕಡಿಮೆ. ಸಂಯಮದ ಸಿದ್ಧಾಂತದಲ್ಲಿ ನಷ್ಟಕ್ಕೆ ಜಾಗವೇ ಇಲ್ಲ. ಕಾದವನೂ ಕೈಸುಟ್ಟುಕೊಳ್ಳುವುದನ್ನು ಅದು ಹೇಗೆ ವಿವರಿಸೀತು? ಅಪಾಯ ಹೆಚ್ಚಿದ ಕಡೆ ಲಾಭವೂ ಹೆಚ್ಚು ಎಂಬ ಮಾತನ್ನು ಸ್ಮಿತ್ ಅರ್ಧ ಮಾತ್ರ ಒಪ್ಪಿದ್ದರು. ಜನ ತಮ್ಮ ಅದೃಷ್ಟವನ್ನು ಅತಿಯಾಗಿ ನಂಬುತ್ತಾರೆ, ಲಾಟರಿ ಚೀಟಿ ಕೊಳ್ಳುವುದೂ ಹಾಗೆಯೇ. ಆದ್ದರಿಂದ ಅಪಾಯದ ವ್ಯಾಪಾರಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ಮಂದಿ ನುಗ್ಗುತ್ತಾರೆ, ಲಾಭ ಅಪಾಯಕ್ಕೆ ತಕ್ಕಷ್ಟು ಏರುವುದಿಲ್ಲ, ದಿವಾಳಿಗಳು ಹೆಚ್ಚಾಗಿ ಆಗುವುದು ಅಲ್ಲಿಯೇ ಎಂದು ಬರೆದರು. ನೈಟ್ ಇನ್ನೂ ಮುಂದೆ ಹೋದರು. ಎಲ್ಲ ಉದ್ಯಮಿಗಳ ಲಾಭವನ್ನೂ ನಷ್ಟವನ್ನೂ ಕೂಡಿಸಿ ನೋಡಿದರೆ ಒಟ್ಟಾರೆ ಉಳಿಯುವುದು ಬಹುಶಃ ನಷ್ಟವೇ ಎಂಬುದು ಅವರ ಅಭಿಪ್ರಾಯವಾಗಿತ್ತು.